ಅಣ್ಣನ ಎಡಗಾಲು, ಲಾರಿಯ ಕ್ಲಚ್ಚು

ನಮ್ಮ ಮನೆಯಲ್ಲಿ ಅಣ್ಣನ ಎಡಗಾಲಿನ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದನ್ನೂ ನಾನು ಕೇಳಿಲ್ಲ. ಒಲೆಗೆ ಕಾಲು ತಾಕಿಸಬಾರದು ಅನ್ನುವುದು ಯಾರೂ ಹೇಳಿಕೊಡದೆ ಹೇಗೆ ಗೊತ್ತಾಗುತ್ತದೋ ಹಾಗೆ ಇದೂ ಗೊತ್ತಾಗಿತ್ತು. ಅಣ್ಣನಿಗೆ ಹನ್ನೆರಡು ವರ್ಷವಿದ್ದಾಗ ಎಡ ಮಂಡಿಯಲ್ಲಿ ನಾರುಹುಣ್ಣು ಎದ್ದಿತ್ತಂತೆ. ಮೆಟ್ಟಿಲುಬಾವಿಯ ನೀರು ಕುಡಿಯುವ ಊರುಗಳಲ್ಲಿ ಆಗ ಅದು ಮಾಮೂಲು ಕಾಯಿಲೆ. ಹುಣ್ಣಿನಿಂದ ತಲೆ ಹಾಕಿದ ದಾರದಂಥ ಹುಳುವನ್ನು ಕಡ್ಡಿಗೆ ಸುತ್ತಿಕೊಂಡು, ದಿನಕ್ಕೊಂದು ಸುತ್ತಿನಂತೆ ತಾಳ್ಮೆಯಿಂದ ಎಳೆಯಬೇಕು. ನಮ್ಮಜ್ಜಿಗೆ ತಾಳ್ಮೆ ಇರಲಿಲ್ಲ; ನನಗೂ ಅವಳದೇ ರಕ್ತ. ಹುಳು ತುಂಡಾಗಿ ಒಳಗೇ ಉಳಿದು ಮಂಡಿ ಕೀವುಗಟ್ಟಿತು. ದೀಪಾವಳಿಗೆ ಮಲಗಿದವನು ಯುಗಾದಿಗೆ ಎದ್ದ. ಎದ್ದಾಗ ಆ ಕಾಲು ಅರ್ಧಕ್ಕಷ್ಟೇ ಮಡಚುತ್ತಿತ್ತು, ಅದರ ಬಲವೂ ಅರ್ಧವೇ ಉಳಿದಿತ್ತು.

ಮಳವಳ್ಳಿಯ ಮಗ್ಗುಲಲ್ಲಿರುವ ನಮ್ಮೂರಿನಲ್ಲಿ ಗಂಡಸು ಅನ್ನಿಸಿಕೊಳ್ಳಬೇಕಾದರೆ ಗದ್ದೆಗೆ ಇಳಿಯಬೇಕಿತ್ತು. ಮಂಡಿಯುದ್ದ ಕೆಸರಲ್ಲಿ ಎತ್ತಿನ ಹಿಂದೆ ಹೊತ್ತು ಮುಳುಗುವವರೆಗೂ ನಡೆಯಲಾರದವನು ಎಷ್ಟೇ ಬುದ್ಧಿವಂತನಾಗಿರಲಿ, ಲೆಕ್ಕಕ್ಕಿಲ್ಲ. ಅಣ್ಣ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ, ಕುಡುಗೋಲಿಗೆ ಹಿಡಿ ಹಾಕುತ್ತಿದ್ದ, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಕೂತು ಪಾಕ ನೋಡುತ್ತಿದ್ದ. ಎಲ್ಲವೂ ಕೂತು ಮಾಡುವ ಕೆಲಸ. ಎದ್ದು ನಡೆದರೆ ಎಡಗಾಲು ಒಂದು ಅರೆಸುತ್ತು ಹೊರಗೆ ಹೋಗಿ ಬರುತ್ತಿತ್ತು. ಹಾಗಾಗಿ ಯಾರಾದರೂ ಹೊಸಬರು ಮನೆಗೆ ಬಂದರೆ ಅವನು ಏಳುತ್ತಲೇ ಇರಲಿಲ್ಲ.

ಅವನಿಗೆ ಹೆಣ್ಣು ಗೊತ್ತು ಮಾಡಿದ್ದೂ ಹಾಗೆಯೇ. ನಿಡಘಟ್ಟದ ಕಡೆಯಿಂದ ಬೀಗರು ಬರುತ್ತಾರೆಂದು ಗೊತ್ತಾದ ಬೆಳಿಗ್ಗೆ ಅವ್ವ ಅವನಿಗೆ ರುಮಾಲು ಸುತ್ತಿಸಿ, ಜಗುಲಿಯ ಕಂಬಕ್ಕೆ ಒರಗಿಸಿ ಕೂರಿಸಿಬಿಟ್ಟಳು. ಬಂದವರು ಉಂಡರು, ಎಲೆಅಡಿಕೆ ಹಾಕಿಕೊಂಡರು, ಕಬ್ಬಿನ ಮಾತು, ನಾಲೆಯ ನೀರಿನ ಮಾತು ಎಲ್ಲ ಆಡಿ ಮಧ್ಯಾಹ್ನ ಕಳೆದ ಮೇಲೆ ಗಾಡಿ ಕಟ್ಟಿದರು. ಅಲ್ಲಿಯವರೆಗೂ ಅಣ್ಣ ಅಲುಗಲಿಲ್ಲ. ಊಟದ ಎಲೆಯನ್ನೂ ಅವನು ಕೂತಲ್ಲಿಗೇ ತಂದು ಹಾಕಿದೆವು. "ಏನ್ ಗಾಂಭೀರ್ಯ ಕಣ್ರಪ್ಪಾ ಗಂಡಿಂದು" ಎಂದು ಹೆಣ್ಣಿನ ಸೋದರಮಾವ ಮೆಚ್ಚಿಕೊಂಡು ಹೋದರಂತೆ. ಅವರು ತಿರುವಿನಲ್ಲಿ ಮರೆಯಾಗುತ್ತಲೇ ಅಣ್ಣ ಹಿತ್ತಲಿಗೆ ಹೋಗಲು ಎದ್ದ ರಭಸ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮದುವೆಯಾಗಿ ಬಂದ ಅತ್ತಿಗೆ ವಾರದೊಳಗೆ ಎಲ್ಲ ತಿಳಿದುಕೊಂಡಳು. ಮೋಸವಾಯಿತು ಎಂದು ಒಂದು ಮಾತೂ ಆಡಲಿಲ್ಲ. ಅವಳೂ ನಮ್ಮ ಹಾಗೆ ಬಾಯಿ ಮುಚ್ಚಿಕೊಂಡಳು.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ ಅಪ್ಪ ಇದ್ದಕ್ಕಿದ್ದಂತೆ ಒಂದು ಮೋಟಾರು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಮದ್ದೂರಿನಲ್ಲಿ ಸಾಹುಕಾರರೊಬ್ಬರು ಹೊಸದು ಕೊಂಡು ಹಳೆಯದನ್ನು ಕೊಟ್ಟಿದ್ದರು. ಊರವರು ಗೌಡನಿಗೆ ತಲೆ ಕೆಟ್ಟಿತು ಅಂದರು. ನನಗೂ ಹಾಗೇ ಅನ್ನಿಸಿತ್ತು, ಏಕೆಂದರೆ ಅಪ್ಪ ಅದರ ಬೀಗದ ಕೈಯನ್ನು ಕೊಟ್ಟಿದ್ದು ಅಣ್ಣನ ಕೈಗೆ. ಮಿಡ್ಲ್‌ಸ್ಕೂಲು ಮುಗಿಸಿ, ಎರಡೂ ಕಾಲು ನೆಟ್ಟಗಿದ್ದವನು ನಾನಿರುವಾಗ ಅವನಿಗೇಕೆ ಎಂದು ನನಗೆ ಕಿಚ್ಚು. ಅಪ್ಪ ಏನನ್ನೂ ವಿವರಿಸಲಿಲ್ಲ. ಅದೂ ಕೂತು ಮಾಡುವ ಕೆಲಸ ಎಂದು ಅಪ್ಪನಿಗೆ ಹೊಳೆದದ್ದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು.

ಸಾಹುಕಾರರ ಡ್ರೈವರು ಬತ್ತಿದ ಕೆರೆಯಂಗಳದಲ್ಲಿ ಒಂದು ವಾರ ಕಲಿಸಿಕೊಟ್ಟ. ಬಲಗಾಲು ಬ್ರೇಕಿಗೆ, ಎಡಗಾಲು ಕ್ಲಚ್ಚಿಗೆ. ಕ್ಲಚ್ಚು ಅಂದರೆ ಏನು ಎಂದು ಅಪ್ಪ ಕೇಳಿದ್ದಕ್ಕೆ ಅವನು, ಎತ್ತಿನ ಕೊರಳಿಂದ ನೊಗ ಬಿಡಿಸಿದ ಹಾಗೆ ಇಂಜಿನ್ನಿನಿಂದ ಚಕ್ರವನ್ನು ಬಿಡಿಸುವುದು, ತುಳಿದರೆ ಬಿಡುತ್ತದೆ, ಕಾಲು ತೆಗೆದರೆ ಹಿಡಿಯುತ್ತದೆ ಎಂದು ಹೇಳಿದ. "ಅಂಗಾರೆ ಕಳಚು ಅನ್ನು" ಅಂದ ಅಪ್ಪ. ಅಂದಿನಿಂದ ನಮ್ಮೂರಿನಲ್ಲಿ ಅದು ಕಳಚು ಆಯಿತು. ನಾನೊಬ್ಬನೇ ಸ್ಕೂಲು ಕಲಿತ ಜಂಬದಲ್ಲಿ ಕ್ಲಚ್ಚು ಕ್ಲಚ್ಚು ಎನ್ನುತ್ತಿದ್ದೆ. ಆ ಕಾರಿನ ಪೆಡಲು ತುಂಬ ಮೆತ್ತಗಿತ್ತು. ಅಣ್ಣನ ಎಡಗಾಲಿನಲ್ಲಿ ಎಷ್ಟು ಬಲ ಉಳಿದಿತ್ತೋ ಅಷ್ಟನ್ನೇ ಅದು ಕೇಳುತ್ತಿತ್ತು, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಕೇಳುತ್ತಿರಲಿಲ್ಲ.

ಸ್ಟೀರಿಂಗಿನ ಹಿಂದೆ ಕೂತ ಅಣ್ಣನನ್ನು ನೀವು ನೋಡಬೇಕಿತ್ತು. ಬೆನ್ನು ನೆಟ್ಟಗೆ, ಕತ್ತು ಮೇಲೆ. ಅವನು ನಮ್ಮೆಲ್ಲರಿಗಿಂತ ಎತ್ತರದವನೆಂದು ನನಗೆ ಗೊತ್ತಾಗಿದ್ದೇ ಆಗ. ಬಡಗಿಯನ್ನು ಕರೆಸಿ ಕಾರಿನ ಹಿಂಭಾಗ ಕೊಯ್ಯಿಸಿ, ಮರದ ಗೂಡು ಕಟ್ಟಿಸಿ, ಎದುರುಬದುರು ಎರಡು ಬೆಂಚು ಹಾಕಿಸಿದೆವು. ಬೆಳಿಗ್ಗೆ ಮಳವಳ್ಳಿಯಿಂದ ಜನ ತುಂಬಿಕೊಂಡು ಮದ್ದೂರಿನ ರೈಲಿಗೆ ಮುಟ್ಟಿಸುವುದು, ಸಂಜೆ ರೈಲಿಂದ ಇಳಿದವರನ್ನು ತಂದು ಬಿಡುವುದು ನಮ್ಮ ಸರ್ವಿಸ್ಸು. ಗಂಟುಮೂಟೆ ಮೇಲಕ್ಕೆ ಕಟ್ಟುವುದು, ಜನರನ್ನು ಕೂಗಿ ಕರೆಯುವುದು, ಕಿರಿಕಿರಿ ಮಾಡಿದವರ ಮೇಲೆ ಜಗಳಕ್ಕೆ ನಿಲ್ಲುವುದು ನನ್ನ ಪಾಲು. ಅಣ್ಣ ಮಾತ್ರ ಮನೆಯ ಮುಂದೆ ಹತ್ತಿದರೆ ಮನೆಯ ಮುಂದೆಯೇ ಇಳಿಯುತ್ತಿದ್ದ. ಮದ್ದೂರಿನ ಸ್ಟೇಷನ್ನಿನ ಮುಂದೆ ಕಾಫಿಯನ್ನೂ ಅವನಿಗೆ ಸೀಟಿಗೇ ತಂದುಕೊಡುತ್ತಿದ್ದೆ. ಅದನ್ನು ದೊಡ್ಡಸ್ತಿಕೆ ಎಂದು ತಿಳಿದ ಜನ ಅವನಿಗೆ ಕೈಮುಗಿದು "ಡ್ರೈವರ್ ಗೌಡ್ರೆ" ಎಂದು ಮಾತಾಡಿಸುವರು. ಆ ಒಂದು ಸೀಟಿನ ಮೇಲೆ ಅವನಿಗೆ ಕುಂಟು ಇರಲಿಲ್ಲ.

ಯುದ್ಧ ಜೋರಾದ ಮೇಲೆ ಪೆಟ್ರೋಲಿಗೆ ಕೂಪನ್ನು ಬಂತು. ಕೂಪನ್ನಿಗೆ ಸಿಗುವ ಪೆಟ್ರೋಲು ವಾರಕ್ಕೆ ಎರಡು ದಿನಕ್ಕೂ ಸಾಲದು. ಎಲ್ಲರಂತೆ ನಾವೂ ಇದ್ದಿಲಿನ ಗ್ಯಾಸಿಗೆ ಬದಲಾಯಿಸಿದೆವು. ಗಾಡಿಯ ಹಿಂದೆ ಆಳೆತ್ತರದ ಕಬ್ಬಿಣದ ಉರುಳೆ, ಅದರೊಳಗೆ ಕೆಂಡ. ಅದರ ಹೊಗೆಯೇ ಇಂಜಿನ್ನಿಗೆ ಊಟ. ಬೆಳಿಗ್ಗೆ ಹೊರಡುವ ಮುಂಚೆ ಅರ್ಧ ಗಂಟೆ ಕೈಚಕ್ರ ತಿರುಗಿಸಿ ಗಾಳಿ ಹೊಡೆಯಬೇಕು. ಗಾಡಿ ಭಾರವಾಯಿತು, ಇಂಜಿನ್ನಿನ ಜೀವ ಕಡಿಮೆಯಾಯಿತು. ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎಬ್ಬಿಸಲು ಅಣ್ಣ ಪೆಡಲನ್ನು ಪೂರ್ತಿ ಬಿಡದೆ, ಪೂರ್ತಿ ತುಳಿಯದೆ, ಮಧ್ಯದಲ್ಲಿ ಹಿಡಿದುಕೊಂಡು ಇಂಜಿನ್ನನ್ನು ಅರಚಿಸಬೇಕಾಗುತ್ತಿತ್ತು. ಹಾಗೆ ಮಾಡಿದಾಗಲೆಲ್ಲ ಕ್ಲಚ್ಚಿನ ಪ್ಲೇಟು ಉಜ್ಜಿ ಸುಡುತ್ತದೆ. ಕೂದಲು ಸುಟ್ಟಂಥ ಕಮಟು ವಾಸನೆ ಬರುತ್ತದೆ. ಮೊದಲು ಸುಟ್ಟಿದ್ದನ್ನು ಬದಲಾಯಿಸಿದೆವು. ಎರಡನೆಯದು ಅದರ ಅರ್ಧ ಕಾಲವೂ ಬಾಳಲಿಲ್ಲ. ಮೂರನೆಯದು, ಮಂಡ್ಯಕ್ಕೆ ಹೊರಟಿದ್ದ ಒಂದು ನಿಶ್ಚಿತಾರ್ಥದ ದಿಬ್ಬಣವನ್ನು ಗೆಜ್ಜಲಗೆರೆಯ ಹತ್ತಿರ ನಡುರಸ್ತೆಯಲ್ಲಿ ನಿಲ್ಲಿಸಿ ಕೈಯೆತ್ತಿತು.

ದಿಬ್ಬಣದವರು ಬೈದುಕೊಂಡು ಇನ್ನೊಂದು ಗಾಡಿ ಹಿಡಿದು ಹೋದರು. ನಾನು ಗೆಜ್ಜಲಗೆರೆಯಿಂದ ಒಂದು ಜೊತೆ ಎತ್ತು ಹೊಡೆಸಿಕೊಂಡು ಬಂದು ಮುಂದಕ್ಕೆ ಹಗ್ಗ ಹಾಕಿಸಿದೆ. "ಮೋಟ್ರಿಗೆ ಎತ್ತು ಕಟ್ಟವ್ರೆ, ಬನ್ರಲಾ ನೋಡ್ರಲಾ" ಎಂದು ಕಬ್ಬಿನ ಗದ್ದೆಯಿಂದ ಜನ ಕೂಗುತ್ತಿದ್ದರು. ಅಣ್ಣ ಸ್ಟೀರಿಂಗು ಹಿಡಿದು, ಮುಖದ ಮೇಲೆ ಒಂದು ಗೆರೆಯೂ ಕದಲಿಸದೆ ಕೂತಿದ್ದ. ಎಳೆಯುವುದು ಎತ್ತಾದರೂ ಓಡಿಸುವವನು ನಾನೇ ಎನ್ನುವ ಠೀವಿ.

ಮಂಡ್ಯದಲ್ಲಿ ಗುತ್ತಲಿನ ದಾರಿಗೆ ಒಂದು ವರ್ಕ್‌ಶಾಪಿತ್ತು. ಅದರ ಮೇಸ್ತ್ರಿ ಸಾಬರು ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಗಾಡಿಯನ್ನು ಅಂಗಳಕ್ಕೆ ಎಳೆಸಿ ಎತ್ತು ಬಿಚ್ಚಿದ ಮೇಲೂ ಅಣ್ಣ ಇಳಿಯಲಿಲ್ಲ. ಹೊಸ ಜನ, ಹೊಸ ಜಾಗ. ನಾನೇ ಒಳಗೆ ಹೋಗಿ ಮಾತಾಡುವುದೆಂದಾಯಿತು. ಹೊರಟಾಗ ಅವನು ಕಿಟಕಿಯಿಂದ, "ಈ ಸಲ ಗಟ್ಟಿಯಾದ್ದು ನೋಡಾಕ್ಸುಲಾ, ತಿರ್‍ಗಾ ತಿರ್‍ಗಾ ಈ ಗೋಳು ಬ್ಯಾಡ" ಎಂದ.

ಗಟ್ಟಿ ಎಂದರೆ ಬಾಳಿಕೆ ಬರುವುದು. ಗಟ್ಟಿ ಎಂದರೆ ಬಿರುಸಾದದ್ದು, ಬಗ್ಗದ್ದು ಕೂಡ. ಅವನು ಮೊದಲನೆಯದನ್ನು ಹೇಳಿದ್ದ. ಎರಡನೆಯದೊಂದು ಇದೆ ಎಂದು ನನಗಂತೂ ಆಗ ತೋಚಲಿಲ್ಲ.

ಮೇಸ್ತ್ರಿ ಅಡಿಯಲ್ಲಿ ಮಲಗಿ ನೋಡಿ ಬಂದು, ಎಣ್ಣೆಗೈ ಒರೆಸಿಕೊಳ್ಳುತ್ತ ಬೆಂಚಿನ ಮೇಲೆ ಎರಡು ಸಾಮಾನು ಇಟ್ಟರು. ಒಂದು ನಮ್ಮ ಗಾಡಿಯದೇ ಅಳತೆಯ ಹೊಸ ಪ್ಲೇಟು. ಇನ್ನೊಂದು ಗುಜರಿಗೆ ಬಂದ ಯಾವುದೋ ಲಾರಿಯಿಂದ ಬಿಚ್ಚಿದ್ದು, ಹರಿವಾಣದಷ್ಟು ಅಗಲ, ಅದರ ಸ್ಪ್ರಿಂಗುಗಳು ನನ್ನ ಹೆಬ್ಬೆರಳ ಗಾತ್ರ.

"ನೋಡಿ ಗೌಡ್ರೆ," ಎಂದರು. "ಇದು ಹಾಕಿದ್ರೆ ಮೊದ್ಲಿನಂಗೆ ಮೆತ್ತಗೆ ಇರ್ತದೆ. ಆದ್ರೆ ಜನ ಕಡಿಮೆ ತುಂಬ್ಬೇಕು, ಇಲ್ಲಾಂದ್ರೆ ಮೂರು ತಿಂಗ್ಳಿಗೆ ಮತ್ತೆ ನನ್ ಹತ್ರ ಬರ್ತೀರಿ. ಲಾರೀದು ಹಾಕಿದ್ರೆ ಆನೆ ಬೇಕಾದ್ರೂ ಕೂರ್ಸಿ. ಒಂದೇ ಕಷ್ಟ, ತುಳಿಯೋದಕ್ಕೆ ಕಾಲು ಬೇಕು. ಓಡ್ಸೋರು ಯಾರು? ಅವ್ರ ಎಡಗಾಲು ಹೆಂಗೈತೆ?"

ನಾನು ಗಾಡಿಯ ಕಿಟಕಿಯ ಕಡೆ ತಿರುಗಿದ್ದನ್ನು ನೋಡಿ ಅವರೇ ಮುಂದುವರಿಸಿದರು. ಓಡಿಸುವವರ ಕಾಲಿಗೆ ಶಕ್ತಿ ಕಡಿಮೆಯಿದ್ದರೆ ಪೆಡಲಿನ ಕೆಳಗಿನ ತೋಳನ್ನು ಬೇರೆ ಅಳತೆಗೆ ಬಡಿದು ಹಾಕಿಕೊಡಬಹುದು. ಆಗ ಲಾರಿಯ ಕ್ಲಚ್ಚೂ ಹಗುರವಾಗುತ್ತದೆ. ಕಾಲು ಒಂದಿಷ್ಟು ದೂರ ಹೋಗಬೇಕು, ಅದಕ್ಕೆ ಕಾಲಡಿಯ ಹಲಗೆ ಕೊಯ್ಯಬೇಕು, ಅಷ್ಟೇ. "ಹೇಳಿ, ನಾಚಿಕೆ ಏನಿಲ್ಲ" ಎಂದರು.

ನಾಚಿಕೆ ಏನಿಲ್ಲ ಎಂದದ್ದೇ ತಪ್ಪಾಯಿತು. ಅವರಿಗೆ ಹೇಗೋ ಗೊತ್ತಾಗಿಬಿಟ್ಟಿದೆ ಎಂದು ನನ್ನ ಕಿವಿ ಬಿಸಿಯಾಯಿತು. ಊರಲ್ಲದ ಊರಿನಲ್ಲಿ, ಬೇರೆಯವರ ಅಂಗಳದಲ್ಲಿ, ಅಣ್ಣನ ಕಾಲಿನ ಮಾತು. ಕಿಟಕಿಯಿಂದ ಅವನು ಈ ಕಡೆಗೇ ನೋಡುತ್ತಿದ್ದ, ಎಲ್ಲ ಕೇಳಿಸುವಷ್ಟೇ ದೂರ. ನಾನು ಬೇಕೆಂದೇ ಗಂಟಲು ಎತ್ತರಿಸಿ, ಅವನಿಗೂ ಅಂಗಳದಲ್ಲಿದ್ದ ಕೆಲಸದವರಿಗೂ ಕೇಳಲಿ ಎಂದು ಹೇಳಿದೆ: "ನಮ್ಮಣ್ಣನ ಕಾಲು ಕಬ್ಬುಣ ಕಣ್ರೀ ಸಾಬ್ರೆ! ಲಾರೀದೇ ಆಕಿ. ಅಲ್ಗೆ ಪಲ್ಗೆ ಏನೂ ಕುಯ್ಯೋದ್ ಬ್ಯಾಡ."

ಅಣ್ಣ ಕೇಳಿಸಿಕೊಂಡ. ಅವನ ಮುಖದಲ್ಲಿ ಒಂದು ಸಣ್ಣ ನಗು ಬಂತು. ಹುಟ್ಟಿದಾಗಿನಿಂದ ನನ್ನಿಂದ ಅವನಿಗೆ ಅಂಥ ಮಾತು ಸಿಕ್ಕಿರಲಿಲ್ಲ. ನನಗಾಗಿದ್ದ ಹೆಮ್ಮೆಯನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅವತ್ತು ವರ್ಕ್‌ಶಾಪಿನವರೆಲ್ಲ ಊಟಕ್ಕೆ ಹೋದ ಹೊತ್ತಿನಲ್ಲಿ ಅಣ್ಣನನ್ನು ಇಳಿಸಿಕೊಂಡು ಹೋಗಿದ್ದೆ; ಮೂರನೆಯ ದಿನ ಸಿದ್ಧವಾದ ಗಾಡಿಗೂ ಅಂಥದೇ ಹೊತ್ತು ನೋಡಿ ಹತ್ತಿಸಿದೆ. ಅಣ್ಣ ಕೂತು ಎಡಗಾಲನ್ನು ಪೆಡಲಿನ ಮೇಲಿಟ್ಟು ತುಳಿದ. ಅದು ಕೆಳಗೆ ಹೋಗಲಿಲ್ಲ. ಸೀಟಿನ ಬೆನ್ನಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಕೈ ಒತ್ತಿ ಮತ್ತೆ ತುಳಿದ. ಹೋಯಿತು. ಕುತ್ತಿಗೆಯ ನರ ಎದ್ದು ನಿಂತಿತ್ತು.

"ಎಂಗದಣ್ಣಾ?" ಎಂದೆ.

"ಗಟ್ಟಿಯಾಗದೆ" ಎಂದ.

ನಾನು ಹೊಗಳಿಕೆ ಎಂದುಕೊಂಡು ಹಿಂದಿನ ಬೆಂಚಿನ ಮೇಲೆ ಕಾಲು ಚಾಚಿ ಕೂತೆ. ಗಾಡಿ ಊರಿಗೆ ಬರುವವರೆಗೂ ಒಂದು ಏರಿನಲ್ಲೂ ಮುಗ್ಗರಿಸಲಿಲ್ಲ. ಆ ಕ್ಲಚ್ಚಿನ ಬಗ್ಗೆ ಮೇಸ್ತ್ರಿ ಹೇಳಿದ್ದು ಒಂದೂ ಸುಳ್ಳಲ್ಲ. ಮುಂದೆ ಒಂದು ದಿನವೂ ಅದು ಜಾರಲಿಲ್ಲ, ಸುಡಲಿಲ್ಲ, ಜನ ಎಷ್ಟು ತುಂಬಿದರೂ ಎಳೆಯಿತು. ನಮ್ಮ ಸರ್ವಿಸ್ಸಿಗೆ ಒಳ್ಳೆಯ ಹೆಸರು ಬಂತು. ಮಳವಳ್ಳಿಯಿಂದ ಮದ್ದೂರಿನ ರೈಲು ತಪ್ಪಿಸದ ಗಾಡಿ ಎಂದರೆ ನಮ್ಮದೇ.

ಅಣ್ಣ ಮಾತ್ರ ಬದಲಾದ. ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಾಕಿದರೆ ನಿಲ್ಲಿಸದೆ ಹೋಗಿಬಿಡುವನು. ಮುದುಕರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಧೂಳಿನಲ್ಲಿ ಉಳಿಯುತ್ತಿದ್ದರು. ಒಂದು ದಿನ ಹೀಗೆಯೇ ಬಿಟ್ಟುಬಂದ ಒಬ್ಬ ಅಜ್ಜಿ ಮಾರನೆಯ ದಿನ ನನ್ನನ್ನು ಹಿಡಿದು ಚೆನ್ನಾಗಿ ಉಗಿದಳು. ಸಂಜೆ ಮನೆಯ ಮುಂದೆ ನಾನು ಅಣ್ಣನ ಮೇಲೆ ಹರಿಹಾಯ್ದೆ.

"ಏನ್ ದೊಡ್ಡ ಅಮಲ್ದಾರ ಆಗೋದ್ಯಾ ನೀನು? ನಿಲ್ಸುದ್ರೆ ನಿನ್ ಗಂಟೇನು ಓಯ್ತದೆ? ಜಂಬ ಬಂದದೆ ಕಣಣ್ಣ ನಿಂಗೆ, ಜಂಬ."

ಅವನು ಸೀಟಿನಲ್ಲಿ ಕೂತಿದ್ದವನು ಕೂತೇ ಇದ್ದ. "ಊಂ ಕಣ್ಲಾ, ಒಸಿ ಬಂದದೆ" ಎಂದ. ನಾನು ಒಳಗೆ ಹೋದ ಮೇಲೆ ಇಳಿದನಂತೆ. ನಿಲ್ಲಿಸಿ ಮತ್ತೆ ಹೊರಡಬೇಕಾದರೆ ಎಷ್ಟು ಸಲ ಆ ಪೆಡಲು ತುಳಿಯಬೇಕು ಎಂದು ಆಗ ನಾನು ಒಂದು ಗಳಿಗೆ ಯೋಚಿಸಿದ್ದರೂ ಸಾಕಿತ್ತು. ನಾನು ಯೋಚಿಸುವ ಜಾತಿಯವನಲ್ಲ, ಕೂಗಾಡುವ ಜಾತಿಯವನು.

ಅತ್ತಿಗೆ ಹಿತ್ತಲಲ್ಲಿ ಊತಕ್ಕೆ ಕಟ್ಟುವ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಹೆಂಚಿನ ಮೇಲೆ ಬಾಡಿಸುವುದನ್ನು ನಾನು ಬಹಳ ಸಲ ನೋಡಿದೆ. ಯಾರಿಗೆ ಎಂದು ಕೇಳಲಿಲ್ಲ. ಒಂದು ಬೆಳಿಗ್ಗೆ ನಾನು ಉರುಳೆಗೆ ಇದ್ದಿಲು ತುಂಬುತ್ತಿದ್ದಾಗ ಅವಳೇ ಹತ್ತಿರ ಬಂದು ನಿಂತಳು.

"ನಿಮ್ಮಣ್ಣಂಗೆ ಒಸಿ ದಿನ ರಜ ಕೊಡ್ಬಾರ್ದಾ ಕಣಪ್ಪ? ನೀನೇ ಓಡ್ಸು."

"ಯಾಕತ್ಗೆ, ಏನಾಯ್ತು?"

ಅವಳು ಸೆರಗಿನ ತುದಿ ತಿರುವಿದಳು. ಹೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ. ಆಮೇಲೆ, "ಏನಿಲ್ಲ ಬುಡು, ಸುಮ್ಕೆ ಅಂದೆ" ಎಂದು ಒಳಗೆ ಹೋದಳು. ಅವಳ ನಾಲಿಗೆಗೂ ನಮ್ಮ ಮನೆಯ ಬೀಗ ಬಿದ್ದಿತ್ತು. ನನಗೆ ಆಗಲೂ ತಿಳಿಯಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಎಲ್ಲೋ ಒಂದು ಮೂಲೆಯಲ್ಲಿ ತಿಳಿದಿತ್ತು. ತಿಳಿದರೆ ಅಣ್ಣನನ್ನು ಆ ಸೀಟಿನಿಂದ ಇಳಿಸಬೇಕಾಗುತ್ತದೆ, ಲಾರಿಯದೇ ಹಾಕಿ ಎಂದವನು ನಾನೇ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹಾಗಾಗಿ ತಿಳಿಯದವನಂತೆ ಇದ್ದೆ.

ಹೀಗೆ ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ನಡೆಯಿತು. ಒಂದು ಬೆಳಿಗ್ಗೆ ಮದ್ದೂರಿನ ರೈಲ್ವೆ ಗೇಟು ಹಾಕಿತ್ತು. ಮುಂದೆ ಒಂದು ಎತ್ತಿನ ಗಾಡಿ, ಅದರ ಹಿಂದೆ ನಾವು. ಗೂಡ್ಸು ರೈಲು ಹೋಗಿ, ಗೇಟಿನವನು ಇನ್ನೇನು ತೆಗೆಯುತ್ತಾನೆಂದು ಅಣ್ಣ ಗೇರು ಹಾಕಿಕೊಂಡು ಪೆಡಲು ತುಳಿದು ಹಿಡಿದಿದ್ದ. ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ರೈಲು ಕೂಗಿತು, ಗೇಟಿನವನು ಕೈಬಿಟ್ಟ. ಗೇರು ತೆಗೆದು ಕಾಲು ಬಿಟ್ಟರೆ, ಗೇಟು ತೆಗೆದಾಗ ಇನ್ನೊಮ್ಮೆ ಒತ್ತಿ ತುಳಿಯಬೇಕು. ಅದಕ್ಕೆ ಅವನಲ್ಲಿ ಬಲ ಉಳಿದಿರಲಿಲ್ಲವೆಂದು ಕಾಣುತ್ತದೆ, ಹಾಗೇ ಹಿಡಿದುಕೊಂಡೇ ಕೂತ. ನಾನು ಪಕ್ಕದಲ್ಲೇ ನಿಂತಿದ್ದೆ. ಅವನ ಎಡ ತೊಡೆ ಪಂಚೆಯೊಳಗೆ ಅದುರುತ್ತಿತ್ತು. ಎರಡು ಕೈಯಲ್ಲೂ ಮಂಡಿಯನ್ನು ಅದುಮಿ ಹಿಡಿದಿದ್ದ, ಸ್ಟೀರಿಂಗಿನ ಮೇಲೆ ಕೈಯೇ ಇರಲಿಲ್ಲ. "ಅಣ್ಣಾ" ಎಂದೆ. ಕಾಲು ಜಾರಿತು. ಗಾಡಿ ಮುಂದಕ್ಕೆ ನೆಗೆದು ಎತ್ತಿನ ಗಾಡಿಯ ಹಿಂಬದಿಗೆ ಗುದ್ದಿ ನಿಂತಿತು. ನಮ್ಮ ಬೆಂಚಿನಿಂದ ಒಬ್ಬ ಹೆಂಗಸು ಕೆಳಗೆ ಬಿದ್ದಳು, ಮುಂಗೈ ಮುರಿಯಿತು. ಎತ್ತಿನ ಗಾಡಿಯವನು ಬಾರುಕೋಲು ಹಿಡಿದು ಓಡಿಬಂದ. "ಇಳಿಯೋ ಕೆಳೀಕೆ! ಇಳಿಯೋ!" ಎಂದು ಅಣ್ಣನ ರಟ್ಟೆ ಹಿಡಿದು ಎಳೆದ.

ಅಣ್ಣ ಇಳಿದ. ಮದ್ದೂರಿನ ಜನವೆಲ್ಲ ನೋಡುತ್ತಿರುವಾಗ ಒಂದು ಹೆಜ್ಜೆ ಇಟ್ಟ, ಕಾಲು ಹೊರಗೆ ಸುತ್ತಿಕೊಂಡು ಹೋಯಿತು, ಅವನು ಹಾಗೇ ಕುಸಿದ. ಗುಂಪಿನಲ್ಲಿ ಯಾರೋ, "ಅಯ್ಯೋ, ಇವ ಕುಂಟ ಕಣ್ಲಾ!" ಎಂದರು. ಬಾರುಕೋಲು ಹಿಡಿದವನು ಪಾಪ, ಹೊಡೆಯದೆ ಕೈ ಇಳಿಸಿದ. ಹೊಡೆದಿದ್ದರೇ ಅಣ್ಣನಿಗೆ ವಾಸಿಯಿತ್ತು.

ಮಂಡಿ ಕುಂಬಳಕಾಯಿಯಂತೆ ಊದಿತ್ತು. ಡಾಕ್ಟರು ಒಳಗಿನ ಕೀಲು ಹಾಳಾಗಿದೆ, ವರ್ಷದಿಂದ ಇದನ್ನು ಹೇಗೆ ಸಹಿಸಿಕೊಂಡಿರಿ ಎಂದು ಕೇಳಿದರು. ಹಲಗೆ ಕಟ್ಟಿ ಮಲಗಿಸಿದರು. ಮೂರು ತಿಂಗಳ ಮೇಲೆ ಹಲಗೆ ಬಿಚ್ಚಿದಾಗ ಊತ ಇಳಿದಿತ್ತು, ನೋವೂ ಕಡಿಮೆಯಾಗಿತ್ತು, ಆದರೆ ಕಾಲು ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಅರ್ಧವಾದರೂ ಮಡಚುತ್ತಿದ್ದುದು ಈಗ ಒಂದು ಬೆರಳಿನಷ್ಟೂ ಮಡಚಲಿಲ್ಲ. ಅಣ್ಣನಿಗೆ ಆಗ ಮೂವತ್ತೊಂದೋ ಮೂವತ್ತೆರಡೋ.

ಅವನು ಮಲಗಿದ್ದಷ್ಟು ದಿನವೂ ನಿಂತೇ ಇದ್ದ ಗಾಡಿ ಆಮೇಲೆ ನನ್ನ ಕೈಗೆ ಬಂತು. ಎಷ್ಟೋ ವರ್ಷದಿಂದ ಕಣ್ಣು ಹಾಕಿದ್ದ ಸೀಟು. ಮೊದಲನೆಯ ದಿನ ಮದ್ದೂರಿಗೆ ಹೋಗಿ ಬರುವಷ್ಟರಲ್ಲಿ, ಗದ್ದೆಯಲ್ಲಿ ಕೆಲಸ ಮಾಡಿ ಬೆಳೆದ ನನ್ನ ಎಡತೊಡೆ ಕಂಪಿಸುತ್ತಿತ್ತು. ಎಷ್ಟು ಸಲ ತುಳಿದೆ ಎಂದು ಎಣಿಸಲು ಹೊರಟು ಅರ್ಧ ದಾರಿಯಲ್ಲೇ ಬಿಟ್ಟೆ, ಭಯವಾಯಿತು. ಕೈ ಅಡ್ಡ ಹಾಕಿದ ಒಬ್ಬ ಮುದುಕನನ್ನು ಬಿಟ್ಟು ಮುಂದೆ ಹೋಗಿದ್ದೆ. ಹೋದ ಮೇಲೆ ಗಾಡಿ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಕೊಟ್ಟುಕೊಂಡು ಕೂತೆ.

ಮುಂದಿನ ಸಂತೆಯ ದಿನ ಗಾಡಿಯನ್ನು ಸೀದಾ ಮಂಡ್ಯಕ್ಕೆ ಹೊಡೆದೆ. ಮೇಸ್ತ್ರಿ ಸಾಬರು ನನ್ನನ್ನು ನೋಡಿದವರೇ, "ನಿಮ್ಮಣ್ಣ ಎಲ್ಲಿ?" ಎಂದರು. ನಾನು ಆದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟು ಕೈ ಒರೆಸಿಕೊಂಡರು.

"ಅವತ್ತು ಗಾಡಿ ತಗೊಂಡು ಹೋದ್ರಲ್ಲ," ಎಂದರು ಆಮೇಲೆ. "ಹದಿನೈದು ದಿನ ಆದ್ಮೇಲೆ ನಿಮ್ಮಣ್ಣ ಒಬ್ರೇ ಬಂದಿದ್ರು. ಬ್ರೇಕು ನೋಡಿ ಅಂದ್ರು. ಬ್ರೇಕು ಚೆನ್ನಾಗೇ ಇತ್ತು. ನಾನು ಒಳಗಡೆ ಇದ್ದೆ, ಯಾರೂ ಇಲ್ಲ ಅಂದ್ಕೊಂಡು ಕೆಳಗೆ ಇಳಿದ್ರು. ಕಾಲು ನೋಡ್ಬಿಟ್ಟೆ. ನಂಗೆ ಎಲ್ಲ ಅರ್ಥ ಆಯ್ತು. ಬಿಡಿ ಗಾಡೀನ, ಒಂದು ಗಂಟೆ ಕೆಲ್ಸ, ಹಗುರ ಮಾಡ್ಕೊಡ್ತೀನಿ ಅಂದೆ."

"ಏನಂದ?"

"ಬೇಡ ಅಂದ್ರು. ಹಲಗೆ ಕೊಯ್ದಿದ್ದು ನನ್ ತಮ್ಮನ ಕಣ್ಣಿಗೆ ಬೀಳ್ತದೆ. ನನ್ ಕಾಲು ಕಬ್ಬಿಣ ಅಂತ ಇಷ್ಟು ಜನದ ಎದುರಿಗೆ ಹೇಳವನೆ, ಅವನ ಮಾತು ಸುಳ್ಳು ಮಾಡ್ಬಾರ್ದು ಅಂದ್ರು. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ನಿಮಗೆ ಹೇಳ್ಬೇಡಿ ಅಂತ ನನ್ ಕೈ ಹಿಡ್ಕೊಂಡು ಮಾತು ತಗೊಂಡ್ರು."

ನಾನು ಆ ಎಣ್ಣೆ ಚೆಲ್ಲಿದ ನೆಲದ ಮೇಲೇ ಕೂತುಬಿಟ್ಟೆ. ಮೇಸ್ತ್ರಿ ನನ್ನನ್ನು ಏಳಿಸಲಿಲ್ಲ. ಹಲಗೆ ಕೊಯ್ದರು, ತೋಳು ಬಿಚ್ಚಿದರು, ಕುಲುಮೆಯಲ್ಲಿ ಕಾಯಿಸಿ ಬಡಿದರು, ಮತ್ತೆ ಕೂರಿಸಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ನಾನು ತುಳಿದು ನೋಡಿದೆ. ಮೊದಲ ದಿನ ಸಾಹುಕಾರರ ಮನೆಯಿಂದ ಬಂದ ಕಾರಿನ ಪೆಡಲಿಗಿಂತ ಒಂದು ತೂಕ ಹೆಚ್ಚು ಅಷ್ಟೇ. ಅಣ್ಣನ ಆ ಕಾಲಿಗೆ ಅದು ಏನೇನೂ ಕಷ್ಟವಾಗುತ್ತಿರಲಿಲ್ಲ. ಕ್ಲಚ್ಚಿನ ಹಿಡಿತವೂ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ.

ಊರಿಗೆ ಬಂದಾಗ ಮಧ್ಯಾಹ್ನ. ಅಣ್ಣ ಬಗಲಿಗೆ ಕೋಲು ಕೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಆಚೀಚೆ ಮನೆಯವರು ಇದ್ದರು, ಮಳವಳ್ಳಿಯಿಂದ ಹತ್ತಿಕೊಂಡಿದ್ದ ಇಬ್ಬರು ಮೂವರು ಹಿಂದಿನ ಬೆಂಚಿನಲ್ಲೂ ಇದ್ದರು. ಅವನಿಗೆ ಈಗ ಯಾರ ಎದುರಿಗೂ ನಿಲ್ಲಲು ಸಂಕೋಚವಿರಲಿಲ್ಲ, ಮುಚ್ಚಿಡಬೇಕಾದ್ದು ಮದ್ದೂರಿನ ಗೇಟಿನ ಹತ್ತಿರವೇ ಮುಗಿದಿತ್ತು. ಇಂಜಿನ್ನಿನ ಸದ್ದು ಆಲಿಸಿ ಹತ್ತಿರ ಬಂದ. ನಾನು ಇಳಿದು ಬಾಗಿಲು ತೆರೆದು ಹಿಡಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಅವನು ಒಳಗೆ ಕೂರುವ ಹಾಗಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತೇಹೋಗಿತ್ತು. ಎಡಗಾಲು ಮಡಚದೆ ಆ ಸೀಟಿಗೆ ಹತ್ತುವುದು ಯಾರಿಗೂ ಸಾಧ್ಯವಿರಲಿಲ್ಲ.

ಅವನು ಬಾಗಿ ಒಳಗೆ ನೋಡಿದ. ಹೊಸದಾಗಿ ಕೊಯ್ದ ಹಲಗೆಯ ಮೇಲೆ ಅವನ ಕಣ್ಣು ನಿಂತಿತು. ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿಲಿನ ಅಂಚು ಹಿಡಿದು ಇನ್ನೂ ಬಗ್ಗಿ, ಬಲಗೈಯನ್ನು ಒಳಗೆ ಚಾಚಿ ಪೆಡಲನ್ನು ಅಂಗೈಯಲ್ಲಿ ಒತ್ತಿದ. ಅದು ಸುಲಭವಾಗಿ ಕೆಳಗೆ ಹೋಯಿತು. ಬಿಟ್ಟ. ಮತ್ತೆ ಒತ್ತಿದ.

"ಬೋ ಸಂದಾಗಿ ಮಾಡವ್ರೆ ಕಣ್ಲಾ" ಎಂದ.

ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಆಡದ ಮಾತು ನನ್ನ ಬಾಯಿಂದ ಬಂತು. "ಅಣ್ಣಾ, ನಿನ್ ಕಾಲ ನಾನೇ ತಗುದ್ಬುಟ್ಟೆ ಕಣಣ್ಣ" ಎಂದೆ.

ಅವನು ಮೆಲ್ಲಗೆ ನೆಟ್ಟಗಾಗಿ, ಕೈಗೆ ಹತ್ತಿದ ಧೂಳನ್ನು ಪಂಚೆಗೆ ಒರೆಸಿಕೊಂಡು, ನನ್ನ ಕೈಯಿಂದ ಕೋಲು ತೆಗೆದುಕೊಂಡ. ಹಿಂದೆ ಕೂತವರ ಕಡೆ ಒಮ್ಮೆ ನೋಡಿದ.

"ಯಾವ ಕಾಲ್ಲಾ?" ಎಂದ. "ಓಗು, ಓಗು. ಅವ್ರ್‌ನ ಬಿರ್‍ನೆ ಇಳ್ಸು. ಸಂಜೆ ರೈಲ್ಗೆ ಒತ್ತಾಯ್ತದೆ."

ನಾನು ಹತ್ತಿ ಕೂತೆ. ಗೇರು ಹಾಕಿ ಗಾಡಿ ಹೊರಳಿಸುವಾಗ ಅವನು ಅಲ್ಲೇ ನಿಂತು, ಹಿಂದಿನ ಚಕ್ರ ಚರಂಡಿಗೆ ಇಳಿಯದಂತೆ ಕೋಲಿನಲ್ಲಿ ದಾರಿ ತೋರಿಸುತ್ತಿದ್ದ.